ಕೆಟ್ಟ ಗಾಳಿಯಿಂದ ಮಂಗನ ಕಾಯಿಲೆಯವರೆಗೆ: ಕೆಲವು ರೋಗನಾಮಗಳ ಇತಿಹಾಸ

ಮಲೇರಿಯಾ, ಕಾಲರಾ, ಫ್ಲೂ, ಕ್ಯಾನ್ಸರ್, ಆಸ್ಪಿರಿನ್ ಮುಂತಾದ ಪದಗಳನ್ನು ಇಂದು ಹಳ್ಳಿಯ ಅಜ್ಜಿಯೂ ತಡವರಿಸದೆ ಆಡುತ್ತಾಳೆ. ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದುದರಿಂದ ಇವು ಇಂಗ್ಲಿಷ್ ಪದಗಳೆಂದೇ ನಾವು ಭಾವಿಸಿದ್ದೇವೆ. ವಾಸ್ತವವಾಗಿ ಇಂಗ್ಲಿಷ್ ಭಾಷೆಯೂ ಇವುಗಳನ್ನು ಎರವಲು ಪಡೆದದ್ದೇ. ಗ್ರೀಸಿನ ವೈದ್ಯರು, ರೋಮಿನ ಗ್ರಂಥಕಾರರು, ಇಟಲಿಯ ಜನಸಾಮಾನ್ಯರು, ದಕ್ಷಿಣ ಅಮೆರಿಕದ ಪರ್ವತವಾಸಿಗಳು ಬೇರೆ ಬೇರೆ ಕಾಲದಲ್ಲಿ ಆಡಿದ ಮಾತುಗಳು ಒಂದೇ ನಿಘಂಟಿನೊಳಗೆ ಬಂದು ಕುಳಿತಿವೆ.

ಇವುಗಳಲ್ಲಿ ರೋಗಗಳ ಹೆಸರುಗಳಿಗೆ ಒಂದು ವಿಶೇಷವಿದೆ. ಕಾರಣ ತಿಳಿಯದ ಕಾಲದಲ್ಲಿ, ಸಾವಿನ ಭಯದ ನಡುವೆ, ಜನ ಮಾಡಿಕೊಂಡ ಮೊದಲ ಊಹೆಯೇ ಅನೇಕ ವೇಳೆ ರೋಗದ ಹೆಸರಾಯಿತು. ಮುಂದೆ ಊಹೆ ಸುಳ್ಳೆಂದು ಸಿದ್ಧವಾಯಿತು. ಹೆಸರು ಮಾತ್ರ ಉಳಿಯಿತು. ಆ ಊಹೆಗಳು ಕೆಲವೊಮ್ಮೆ ಉಪಕಾರ ಮಾಡಿದವು, ಕೆಲವೊಮ್ಮೆ ಅಪಾರ ಹಾನಿಯನ್ನೂ ಮಾಡಿದವು. ಆ ಇತಿಹಾಸದ ಕೆಲವು ಪುಟಗಳನ್ನು ನಿಮ್ಮೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲು ನಿರುಪದ್ರವಿಯಾದ ಹೆಸರುಗಳನ್ನು ನೋಡೋಣ. ನಮ್ಮ ಸ್ನಾಯುವಿಗೆ ಇಂಗ್ಲಿಷಿನಲ್ಲಿ ‘ಮಸಲ್’ ಎನ್ನುತ್ತಾರಷ್ಟೆ. ಇದರ ಮೂಲ ಲ್ಯಾಟಿನ್ ಭಾಷೆಯ ‘ಮುಸ್ಕ್ಯುಲಸ್’. ಅರ್ಥ, ಪುಟ್ಟ ಇಲಿ. ತೋಳನ್ನು ಮಡಿಸಿ ಬಿಗಿದಾಗ ಚರ್ಮದ ಕೆಳಗೆ ಇಲಿಯೊಂದು ಉಬ್ಬಿ ಸರಿದಂತೆ ಪ್ರಾಚೀನರಿಗೆ ಕಂಡಿರಬೇಕು. ಲ್ಯಾಟಿನ್ನಿನ ‘ಮುಸ್’, ಇಂಗ್ಲಿಷಿನ ‘ಮೌಸ್’, ಸಂಸ್ಕೃತದ ‘ಮೂಷಕ’ ಇವೆಲ್ಲ ಒಂದೇ ಬೇರಿನಿಂದ ಹುಟ್ಟಿದವು. ಗಣಪತಿಯ ವಾಹನಕ್ಕೂ ಪೈಲ್ವಾನನ ತೋಳಿಗೂ ಹೀಗೊಂದು ನಂಟು!

‘ಕ್ಯಾನ್ಸರ್’ ಎಂದರೆ ಲ್ಯಾಟಿನ್ನಿನಲ್ಲಿ ಏಡಿ. ಕ್ರಿಸ್ತಪೂರ್ವ ಕಾಲದ ಗ್ರೀಕ್ ವೈದ್ಯರು ಈ ಗೆಡ್ಡೆಗಳನ್ನು ‘ಕಾರ್ಕಿನೋಸ್’ ಎಂದು ಕರೆದಿದ್ದರು; ಅದಕ್ಕೂ ಏಡಿಯೆಂದೇ ಅರ್ಥ. ಗೆಡ್ಡೆಯ ಸುತ್ತ ಉಬ್ಬಿಕೊಂಡ ರಕ್ತನಾಳಗಳು ಏಡಿಯ ಕಾಲುಗಳಂತೆ ಹರಡಿರುತ್ತವೆ ಎಂಬುದು ಕ್ರಿ.ಶ. 2ನೆಯ ಶತಮಾನದ ವೈದ್ಯ ಗ್ಯಾಲೆನ್ ನೀಡಿದ ವಿವರಣೆ. ಭೂಗೋಳದ ಪಾಠದಲ್ಲಿ ‘ಟ್ರಾಪಿಕ್ ಆಫ್ ಕ್ಯಾನ್ಸರ್’ ಎಂಬುದನ್ನು ಓದಿದ ಮಕ್ಕಳು ರೋಗಕ್ಕೂ ರೇಖೆಗೂ ಏನು ಸಂಬಂಧವೆಂದು ಕೇಳುವುದುಂಟು. ಅದೇ ಏಡಿ, ಅದೇ ಕರ್ಕಾಟಕ ರಾಶಿ. ನಮ್ಮ ‘ಕರ್ಕಾಟಕ’ವೂ ಗ್ರೀಕರ ‘ಕಾರ್ಕಿನೋಸ್’ ಕೂಡ ದೂರದ ದಾಯಾದಿಗಳೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ.

ಇವೆಲ್ಲ ಹೋಲಿಕೆಯಿಂದ ಬಂದ ಹೆಸರುಗಳು. ‘ಹೀಗೆ ಕಾಣುತ್ತದೆ’ ಎಂದಷ್ಟೇ ಅವು ಹೇಳುತ್ತವೆ. ಏಡಿಯೇ ರೋಗವನ್ನು ತಂದಿತೆಂದು ಅವು ಸಾಧಿಸುವುದಿಲ್ಲ. ‘ಇದರಿಂದ ಬಂತು’ ಎಂದು ಸಾರುವ ಹೆಸರುಗಳ ಕಥೆಯೇ ಬೇರೆ.

ಮಲೇರಿಯಾ ಎಂಬುದು ಇಟಾಲಿಯನ್ ಭಾಷೆಯ ‘ಮಾಲಾ ಆರಿಯಾ’ ಎಂಬ ಎರಡು ಪದಗಳ ಕೂಡಿಕೆ. ಕೆಟ್ಟ ಗಾಳಿ ಎಂದರ್ಥ. ರೋಮ್ ನಗರದ ಸುತ್ತಲಿನ ಜವುಗು ನೆಲದಲ್ಲಿ ಬೇಸಿಗೆ ಬಂತೆಂದರೆ ಜನ ಜ್ವರದಿಂದ ಸಾಯುತ್ತಿದ್ದರು. ಕೊಳೆತ ನೀರಿನಿಂದ ಏಳುವ ವಿಷಗಾಳಿಯೇ ಇದಕ್ಕೆ ಕಾರಣವೆಂದು ಎಲ್ಲರೂ ನಂಬಿದ್ದರು. 18ನೆಯ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ರೋಗವೆಂದಲ್ಲ, ಆ ಗಾಳಿಯೆಂದೇ ಆಗಿತ್ತು. ಕಾರಣವೆಂದು ಭಾವಿಸಿದ್ದರ ಹೆಸರು ಕ್ರಮೇಣ ಕಾರ್ಯದ ಹೆಸರಾಗಿ ನಿಂತಿತು.

ಗಾಳಿಯ ಮೇಲಿನ ಈ ಆರೋಪ ಬಿದ್ದುಹೋದದ್ದು 19ನೆಯ ಶತಮಾನದ ಕೊನೆಯಲ್ಲಿ. 1880ರಲ್ಲಿ ಫ್ರೆಂಚ್ ಸೇನಾವೈದ್ಯ ಲಾವೆರಾನ್ ಅಲ್ಜೀರಿಯಾದಲ್ಲಿ ರೋಗಿಯ ರಕ್ತದೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದೇ ಪರೋಪಜೀವಿಯನ್ನು ಸೊಳ್ಳೆಯ ಜಠರದಲ್ಲಿ ಕಂಡನು. ಈ ರಾಸ್ 1883ರ ಹೊತ್ತಿಗೆ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದನು. ನಿಂತ ನೀರನ್ನು ತಪ್ಪಿಸಿದರೆ ಸೊಳ್ಳೆಗಳನ್ನು ಕಡಿಮೆ ಮಾಡಬಹುದೆಂಬುದನ್ನು ಅವನು ಗಮನಿಸಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಆಗ ಅದು ಕಾಟ ತಪ್ಪಿಸಿಕೊಳ್ಳುವ ಉಪಾಯವಷ್ಟೇ ಆಗಿತ್ತು. ರೋಗದೊಡನೆ ಅದರ ಸಂಬಂಧ ತಿಳಿಯಲು ಮತ್ತೆ ಹದಿನಾಲ್ಕು ವರ್ಷ ಬೇಕಾಯಿತು.

ಹಾಗಾದರೆ ‘ಕೆಟ್ಟ ಗಾಳಿ’ ಎಂದವರೆಲ್ಲ ಮೂಢರೇ? ಹಾಗೆ ಹೇಳುವುದು ಅನ್ಯಾಯ. ಇಟಲಿಯ ವೈದ್ಯ ಲಾನ್ಚೀಸಿ 1717ರಲ್ಲಿಯೇ ಜವುಗು ನೆಲಗಳ ಬಗ್ಗೆ ಗ್ರಂಥ ಬರೆದು, ಅಲ್ಲಿನ ನೀರನ್ನು ಬಸಿದು ಹೊರಹಾಕಬೇಕೆಂದು ವಾದಿಸಿದ್ದನು. ಅವನ ಕಣ್ಣು ಗಾಳಿಯ ಮೇಲಿತ್ತು. ಆದರೆ ನೀರು ಬತ್ತಿದಲ್ಲಿ ಸೊಳ್ಳೆಯೂ ಬತ್ತುತ್ತದೆ, ಜ್ವರವೂ ಇಳಿಯುತ್ತದೆ. ಜವುಗಿಗೂ ಜ್ವರಕ್ಕೂ ಸಂಬಂಧವಿದೆ ಎಂಬ ಅವಲೋಕನ ಸರಿಯಾಗಿತ್ತು. ಆ ಸಂಬಂಧ ಯಾವುದೆಂಬ ವಿವರಣೆ ಮಾತ್ರ ತಪ್ಪಾಗಿತ್ತು. ಕಂಡದ್ದು ಬೇರೆ, ಕಂಡದ್ದಕ್ಕೆ ಕೊಟ್ಟ ಕಾರಣ ಬೇರೆ. ಈ ವ್ಯತ್ಯಾಸವನ್ನು ನಾವು ಮುಂದಿನ ಎಲ್ಲ ಉದಾಹರಣೆಗಳಲ್ಲಿಯೂ ನೆನಪಿಡಬೇಕು.

ಇದೇ ಜವುಗು ಜ್ವರ ನಮ್ಮನ್ನು ಎರಡು ಮರಗಳ ಬಳಿಗೆ ಕರೆದೊಯ್ಯುತ್ತದೆ. ಮೊದಲನೆಯದು ಸಿಂಕೋನಾ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಈ ಮರದ ಕಹಿ ತೊಗಟೆ ಮಲೇರಿಯಾಕ್ಕೆ ಮದ್ದೆಂದು 17ನೆಯ ಶತಮಾನದಲ್ಲಿ ಯೂರೋಪಿಗೆ ತಿಳಿಯಿತು. ಪೆರು ದೇಶದ ವೈಸ್‌ರಾಯನ ಪತ್ನಿ, ಚಿಂಚೋನ್‌ನ ಕೌಂಟೆಸ್, ಈ ತೊಗಟೆಯಿಂದ ಗುಣಮುಖಳಾದಳೆಂಬ ಕಥೆಯನ್ನು ನಂಬಿ 1742ರಲ್ಲಿ ಲಿನ್ನೇಯಸ್ ಮರಕ್ಕೆ ಅವಳ ಹೆಸರನ್ನಿಟ್ಟನು. ಇಡುವಾಗ ಕಾಗುಣಿತದಲ್ಲಿ ಒಂದಕ್ಷರ ಬಿಟ್ಟುಹೋಗಿ ಚಿಂಚೋನ್ ಸಿಂಕೋನಾ ಆಯಿತು. 20ನೆಯ ಶತಮಾನದ ವಿದ್ವಾಂಸರು ಆ ಕಾಲದ ದಾಖಲೆಗಳನ್ನು ಪರಿಶೀಲಿಸಿದಾಗ ಕೌಂಟೆಸಳ ಕಥೆಗೆ ಆಧಾರವಿಲ್ಲವೆಂದು ಗೊತ್ತಾಯಿತು. ಆದರೆ ಆ ತೊಗಟೆಯಿಂದ 1820ರಲ್ಲಿ ಬೇರ್ಪಡಿಸಿದ ಔಷಧಕ್ಕೆ ಬಂದ ‘ಕ್ವಿನೈನ್’ ಎಂಬ ಹೆಸರು ಆಂಡೀಸಿನ ಕೆಚುವಾ ಭಾಷೆಯದು. ಅಲ್ಲಿ ‘ಕಿನಾ’ ಎಂದರೆ ತೊಗಟೆ. ಮರದ ಹೆಸರಿನಲ್ಲಿ ರಾಣಿವಾಸದ ಕಟ್ಟುಕಥೆ ನಿಂತಿತು, ಮದ್ದಿನ ಹೆಸರಿನಲ್ಲಿ ಗುಡ್ಡಗಾಡಿನವರ ಮಾತು ನಿಂತಿತು.

ಎರಡನೆಯದು ವಿಲ್ಲೋ ಮರ. ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲೆಂಡಿನ ಪಾದ್ರಿ ಒಮ್ಮೆ ಈ ಮರದ ತೊಗಟೆಯನ್ನು ರುಚಿ ನೋಡಿದನು, ಸಿಂಕೋನಾದಂತೆಯೇ ಕಹಿ. ವಿಲ್ಲೋ ಬೆಳೆಯುವುದು ತೇವದ ನೆಲದಲ್ಲಿ, ಚಳಿಜ್ವರ ಹೆಚ್ಚಾಗಿ ಕಾಣುವುದೂ ಅಲ್ಲಿಯೇ. ರೋಗವಿರುವೆಡೆಯಲ್ಲಿಯೇ ಪ್ರಕೃತಿ ಮದ್ದನ್ನೂ ಇಟ್ಟಿರುತ್ತದೆ ಎಂಬುದು ಆ ಕಾಲದ ನಂಬಿಕೆಯಾಗಿತ್ತು. ಸ್ಟೋನ್ ತೊಗಟೆಯನ್ನು ಒಣಗಿಸಿ, ಪುಡಿಮಾಡಿ, ಸುಮಾರು ಐವತ್ತು ಜನ ಜ್ವರಪೀಡಿತರಿಗೆ ಕೊಟ್ಟು, 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದನು. ಅವನ ತರ್ಕ ಸರಿಯಲ್ಲ. ಆದರೂ ತೊಗಟೆಯಲ್ಲಿ ಜ್ವರವಿಳಿಸುವ ಅಂಶ ನಿಜಕ್ಕೂ ಇತ್ತು. ವಿಲ್ಲೋವಿನ ಲ್ಯಾಟಿನ್ ಹೆಸರಾದ ‘ಸಾಲಿಕ್ಸ್’ನಿಂದ ‘ಸ್ಯಾಲಿಸಿಲಿಕ್ ಆಮ್ಲ’ ಎಂಬ ಹೆಸರು ಬಂತು. ಅದೇ ಆಮ್ಲ ‘ಸ್ಪೈರಿಯಾ’ ಎಂಬ ಇನ್ನೊಂದು ಗಿಡದಿಂದಲೂ ದೊರೆತಿತ್ತು. 1899ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆ ಅದರ ಸುಧಾರಿತ ರೂಪವನ್ನು ಮಾರುಕಟ್ಟೆಗೆ ತಂದಾಗ, ಅಸಿಟೈಲ್ ಎಂಬುದರ ಮೊದಲಕ್ಷರಕ್ಕೆ ಸ್ಪೈರಿಯಾದ ತುಣುಕೊಂದನ್ನು ಸೇರಿಸಿ ‘ಆಸ್ಪಿರಿನ್’ ಎಂದಿತು. ಸಸ್ಯವಿಜ್ಞಾನಿಗಳು ಈಗ ಆ ಗಿಡವನ್ನು ಸ್ಪೈರಿಯಾ ಕುಲದಿಂದ ತೆಗೆದು ಬೇರೆ ಕುಲಕ್ಕೆ ಸೇರಿಸಿದ್ದಾರೆ. ಗಿಡ ಬಿಟ್ಟುಕೊಟ್ಟ ಹೆಸರನ್ನು ಗುಳಿಗೆ ಮಾತ್ರ ಇನ್ನೂ ಹೊತ್ತಿದೆ.

ತಪ್ಪು ಊಹೆ ಒಳ್ಳೆಯದನ್ನೇ ಮಾಡಿದ ಕಥೆಗಳಿವು. ಎಲ್ಲ ಊಹೆಗಳೂ ಹೀಗೆ ಕೈಹಿಡಿಯಲಿಲ್ಲ. ಅದಕ್ಕೆ ಕಾಲರಾ ಸಾಕ್ಷಿ.

ಗ್ರೀಕರ ವೈದ್ಯಶಾಸ್ತ್ರದ ಪ್ರಕಾರ ಶರೀರದಲ್ಲಿ ನಾಲ್ಕು ರಸಗಳು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ನಮ್ಮ ವಾತ-ಪಿತ್ತ-ಕಫಗಳನ್ನು ಬಲ್ಲವರಿಗೆ ಈ ಬಗೆಯ ಚಿಂತನೆ ಅಪರಿಚಿತವಲ್ಲ. ರಸಕ್ಕೆ ಲ್ಯಾಟಿನ್ನಿನಲ್ಲಿ ‘ಹ್ಯೂಮರ್’. ರಸಗಳ ಏರುಪೇರಿನಿಂದ ಮನುಷ್ಯನ ಸ್ವಭಾವ, ಸ್ವಭಾವದ ವಿಚಿತ್ರಗಳಿಂದ ನಗೆ ಎಂಬ ದಾರಿಯಲ್ಲಿ ಅದು ಇಂದಿನ ‘ಹಾಸ್ಯ’ ಎಂಬ ಅರ್ಥಕ್ಕೆ ಬಂದಿದೆ. ಕಪ್ಪು ಪಿತ್ತಕ್ಕೆ ‘ಮೆಲಂಕೋಲಿ’ ಎಂದು ಹೆಸರು. ಇಂದು ಅದು ವಿಷಣ್ಣತೆ. ಪಿತ್ತಕ್ಕೆ ಗ್ರೀಕ್ ಭಾಷೆಯಲ್ಲಿ ‘ಖೋಲೆ’. ಅದರಿಂದಲೇ ಸಿಟ್ಟಿಗೆ ‘ಕಾಲರ್’ ಎಂಬ ಹಳೆಯ ಇಂಗ್ಲಿಷ್ ಪದವೂ ‘ಕಾಲರಾ’ ಎಂಬ ರೋಗನಾಮವೂ ಹುಟ್ಟಿದವು. ಸಿಟ್ಟು ಬಂದಾಗ ‘ಪಿತ್ತ ನೆತ್ತಿಗೇರಿತು’ ಎನ್ನುವ ನಾವೂ ಇದೇ ತೆರನಾದ ಮಾತನ್ನಾಡುತ್ತಿದ್ದೇವೆ.

1817ರಲ್ಲಿ ಬಂಗಾಳದಿಂದ ಹೊರಟ ಭೀಕರ ವಾಂತಿಭೇದಿಗೆ ಯೂರೋಪಿನವರು ಈ ಹಳೆಯ ಹೆಸರನ್ನೇ ಇಟ್ಟರು. ರೋಗಿಗಳಿಗೆ ಅವರು ಮಾಡಿದ್ದೂ ರಸಗಳ ಏರುಪೇರನ್ನು ಸರಿಪಡಿಸುವ ಹಳೆಯ ಚಿಕಿತ್ಸೆಯನ್ನೇ: ರಕ್ತ ತೆಗೆಯುವುದು, ಪಾದರಸದ ಭೇದಿಯ ಮದ್ದು ಕೊಡುವುದು. ದೇಹದ ನೀರೆಲ್ಲ ಬಸಿದು ಸಾಯುತ್ತಿದ್ದವನಿಗೆ ಮತ್ತಷ್ಟು ಭೇದಿ ಮಾಡಿಸಿದರೆ ಗತಿಯೇನು? 1831-32ರಲ್ಲಿ ಓಶಾನೆಸಿ ಎಂಬ ಯುವ ವೈದ್ಯನು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕಡಿಮೆಯಾಗಿರುವುದನ್ನು ತೋರಿಸಿಕೊಟ್ಟನು. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿ, ಸಾವಿನಂಚಿನಲ್ಲಿದ್ದ ಕೆಲವರನ್ನು ಬದುಕಿಸಿದನು. ಆದರೂ ಆ ಮಾರ್ಗ ಬಹುಕಾಲ ಬಳಕೆಗೆ ಬರಲಿಲ್ಲ.

1854ರಲ್ಲಿ ಜಾನ್ ಸ್ನೋ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿಗೂ ಕಾಲರಾಕ್ಕೂ ಇರುವ ಸಂಬಂಧವನ್ನು ತೋರಿಸಿದನು. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ರೋಗಾಣುವನ್ನು ಗುರುತಿಸಿದನು. 1959ರಲ್ಲಿ ಅದೇ ಕಲ್ಕತ್ತೆಯ ಶಂಭುನಾಥ್ ದೇ, ಆ ರೋಗಾಣು ಸ್ರವಿಸುವ ವಿಷವೇ ಕರುಳಿನಿಂದ ನೀರನ್ನು ಹೊರಕ್ಕೆ ಸೆಳೆಯುತ್ತದೆಂದು ಸಿದ್ಧಪಡಿಸಿದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸೂಜಿಯ ಮೂಲಕ ಕೊಡುವ ಲವಣದ್ರವ ಸಾಲದಾದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಸಕ್ಕರೆ, ನೀರಿನ ಮಿಶ್ರಣವನ್ನು ಬಾಯಿಯ ಮೂಲಕವೇ ಕುಡಿಸಿ ಸಾವಿನ ಪ್ರಮಾಣವನ್ನು ಶೇಕಡ 30ರ ಆಸುಪಾಸಿನಿಂದ 4ಕ್ಕಿಂತ ಕೆಳಕ್ಕೆ ಇಳಿಸಿದರು. ಇಂದು ಔಷಧದಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಈ ಇತಿಹಾಸವಿದೆ. ರೋಗದ ಹೆಸರು ಪಿತ್ತವನ್ನು ತೋರಿಸುತ್ತಿತ್ತು; ರೋಗಿಗೆ ಬೇಕಾಗಿದ್ದುದು ನೀರು.

ನಮ್ಮ ಹಿರಿಯರು ಇದೇ ರೋಗಕ್ಕೆ ‘ವಾಂತಿಭೇದಿ’ ಎಂದರು, ಮಲೇರಿಯಾಕ್ಕೆ ‘ಚಳಿಜ್ವರ’ ಎಂದರು. ಇವು ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುವ ಹೆಸರುಗಳು. ಹಾಗೆಂದು ನಾವು ಬೀಗುವಂತಿಲ್ಲ. ‘ಮಾರಿ’, ‘ಅಮ್ಮ’ ಎಂಬ ಹೆಸರುಗಳೂ ನಮ್ಮವೇ; ಅವು ರೋಗದ ಹೊಣೆಯನ್ನು ದೇವತೆಯ ಮೇಲೆ ಹೊರಿಸಿದವು.

ಇಟಲಿಯವರು ಇನ್ನೊಂದು ಸಾಂಕ್ರಾಮಿಕಕ್ಕೆ ನಕ್ಷತ್ರಗಳನ್ನು ಹೊಣೆಮಾಡಿದರು. ‘ಇನ್‌ಫ್ಲುಯೆಂಜಾ’ ಎಂದರೆ ಪ್ರಭಾವ; ಗ್ರಹನಕ್ಷತ್ರಗಳಿಂದ ಭೂಮಿಯ ಕಡೆಗೆ ಹರಿದುಬರುವ ಪ್ರಭಾವವೆಂಬ ಕಲ್ಪನೆ ಅದರ ಹಿಂದಿದೆ. 1743ರಲ್ಲಿ ಇಟಲಿಯಿಂದ ಹಬ್ಬಿದ ಜ್ವರದೊಡನೆ ಈ ಪದವೂ ಇಂಗ್ಲೆಂಡಿಗೆ ಬಂತು. ವಿಪತ್ತಿಗೆ ಇಂಗ್ಲಿಷಿನಲ್ಲಿ ಹೇಳುವ ‘ಡಿಸಾಸ್ಟರ್’ ಕೂಡ ಮೂಲತಃ ಕೆಟ್ಟ ನಕ್ಷತ್ರವೇ. ನಕ್ಷತ್ರದ ನಂಬಿಕೆ ಹೋದ ಮೇಲೂ ಹೆಸರಿಡುವ ಆತುರ ಹೋಗಲಿಲ್ಲ. 1892ರಲ್ಲಿ ಜರ್ಮನಿಯ ಫೈಫರ್ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಕಂಡು, ಇನ್‌ಫ್ಲುಯೆಂಜಾಕ್ಕೆ ಇದೇ ಕಾರಣವೆಂದು ಘೋಷಿಸಿದನು. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ನಿಜವಾದ ವೈರಸ್ಸನ್ನು ಕಂಡುಹಿಡಿದರು. ಆದರೂ ಆ ನಿರಪರಾಧಿ ಬ್ಯಾಕ್ಟೀರಿಯಾದ ಹೆಸರು ಇಂದಿಗೂ ‘ಹಿಮೋಫಿಲಸ್ ಇನ್‌ಫ್ಲುಯೆಂಜೀ’! ಅದು ಮಕ್ಕಳಿಗೆ ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತಗಳನ್ನು ತರಬಲ್ಲದಾದುದರಿಂದ ಅದರ ವಿರುದ್ಧ ‘ಹಿಬ್’ ಲಸಿಕೆಯಿದೆ. ನಿಮ್ಮ ಮಕ್ಕಳ, ಮೊಮ್ಮಕ್ಕಳ ಲಸಿಕೆಯ ಕಾರ್ಡಿನಲ್ಲಿ ಆ ಹೆಸರು ಕಂಡರೆ ಅದು ಫ್ಲೂ ತಡೆಯುವ ಲಸಿಕೆಯೆಂದು ತಿಳಿಯಬೇಡಿ.

ಗಾಳಿ, ಪಿತ್ತ, ನಕ್ಷತ್ರಗಳಿಗೆ ಅಪವಾದದಿಂದ ನೋವಾಗುವುದಿಲ್ಲ. ಜೀವವಿರುವವರ ಮೇಲೆ ಅದು ಬಿದ್ದಾಗ ಪರಿಣಾಮ ಬೇರೆಯಾಗುತ್ತದೆ. ‘ಹಿಸ್ಟೀರಿಯಾ’ ಎಂಬುದು ಗರ್ಭಕೋಶವೆಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಹೆಣ್ಣಿನ ಎಷ್ಟೋ ನಿಜವಾದ ಸಂಕಟಗಳನ್ನು ಶತಮಾನಗಳ ಕಾಲ ಈ ಒಂದು ಪದದಿಂದ ತಳ್ಳಿಹಾಕಲಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಗಂಡಸರಾದ ಸೈನಿಕರೇ ನಡುಗುತ್ತ, ಮಾತು ಕಳೆದುಕೊಂಡು ಬಂದಾಗ ಅದಕ್ಕೆ ‘ಶೆಲ್ ಶಾಕ್’ ಎಂಬ ಹೊಸ ಹೆಸರು ಹುಟ್ಟಿಕೊಂಡಿತು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ತನ್ನ ಅಧಿಕೃತ ರೋಗಪಟ್ಟಿಯಿಂದ ಹಿಸ್ಟೀರಿಯಾವನ್ನು ಕೈಬಿಟ್ಟಿತು.

1918ರ ಮಹಾಮಾರಿಗೆ ‘ಸ್ಪ್ಯಾನಿಷ್ ಫ್ಲೂ’ ಎಂಬ ಹೆಸರು ಬಂದದ್ದು ಅದು ಸ್ಪೇನಿನಲ್ಲಿ ಹುಟ್ಟಿದ್ದರಿಂದಲ್ಲ. ಯುದ್ಧನಿರತ ದೇಶಗಳು ಪತ್ರಿಕೆಗಳ ಬಾಯಿ ಕಟ್ಟಿದ್ದವು. ತಟಸ್ಥವಾಗಿದ್ದ ಸ್ಪೇನಿನ ಪತ್ರಿಕೆಗಳು ತಮ್ಮ ದೊರೆಗೆ ಜ್ವರ ಬಂದ ಸುದ್ದಿಯನ್ನೂ ಪ್ರಕಟಿಸಿದವು. ನಿಜ ಹೇಳಿದ ದೇಶದ ತಲೆಗೆ ಹೆಸರು ಸುತ್ತಿಕೊಂಡಿತು. ಭಾರತದಲ್ಲಿ ಆ ರೋಗ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು.

ನಮ್ಮ ಮಲೆನಾಡಿನದೇ ಉದಾಹರಣೆಯನ್ನು ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಊರುಗಳ ಜನರಿಗೂ ತೀವ್ರ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದೊಂದು ಹೊಸ ವೈರಸ್ಸೆಂದು ಕಂಡುಕೊಂಡರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಜನರ ಬಾಯಲ್ಲಿ ಮಂಗನ ಕಾಯಿಲೆ. ಆದರೆ ಮನುಷ್ಯನಿಗೆ ಅದನ್ನು ಅಂಟಿಸುವುದು ಮುಖ್ಯವಾಗಿ ಕಾಡಿನ ಉಣುಗಿನ ಕಡಿತ. ಮಂಗಗಳೂ ನಮ್ಮಂತೆಯೇ ಅದಕ್ಕೆ ಬಲಿಯಾಗುವ ಪ್ರಾಣಿಗಳು. ಮಂಗ ಸತ್ತರೆ ಆ ಕಾಡಿನಲ್ಲಿ ಅಪಾಯವಿದೆಯೆಂದು ಮುನ್ನೆಚ್ಚರಿಕೆ ದೊರೆತಂತೆ. ಹೆಸರನ್ನಷ್ಟೇ ನಂಬಿದವನು ಮಂಗವನ್ನು ಕಂಡು ಹೆದರುತ್ತಾನೆ, ತರಗೆಲೆ ತರಲು ಕಾಡಿಗೆ ಹೋದಾಗ ಕಾಲಿಗೆ ಹತ್ತುವ ಉಣುಗನ್ನು ಮರೆಯುತ್ತಾನೆ. ಇಲ್ಲಿ ಹೆಸರಿನ ಅರ್ಥವನ್ನು ತಿಳಿಯುವುದು ಪ್ರಾಣದ ಪ್ರಶ್ನೆಯೇ ಆಗಿದೆ.

‘ಮಂಕಿಪಾಕ್ಸ್’ನ ಕಥೆಯೂ ಇಂಥದೇ. 1958ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಾಲಯದ ಮಂಗಗಳಲ್ಲಿ ಮೊದಲು ಕಂಡಿತೆಂದು ಆ ಹೆಸರು ಬಂತು. 2022ರಲ್ಲಿ ರೋಗ ಅನೇಕ ದೇಶಗಳಿಗೆ ಹಬ್ಬಿದಾಗ ಬ್ರೆಜಿಲ್‌ನಲ್ಲಿ ಜನ ಮಂಗಗಳಿಗೆ ವಿಷವಿಟ್ಟರು. ಆ ವರ್ಷದ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ‘ಎಂಪಾಕ್ಸ್’ ಎಂದು ಬದಲಿಸಿತು. ಊರು, ವ್ಯಕ್ತಿ, ಪ್ರಾಣಿ, ಜನಾಂಗಗಳ ಹೆಸರನ್ನು ಹೊಸ ರೋಗಗಳಿಗೆ ಇಡಬಾರದೆಂದು ಆ ಸಂಸ್ಥೆ 2015ರಲ್ಲಿಯೇ ಸೂಚಿಸಿತ್ತು. 2020ರ ಫೆಬ್ರವರಿ 11ರಂದು ‘ಕೋವಿಡ್-19’ ಎಂಬ ನೀರಸವಾದ ಹೆಸರು ಬಂದದ್ದು ಅದೇ ವಿವೇಕದಿಂದ.

ಕೊನೆಯದಾಗಿ ಒಂದು ಮಂಗಳಕರವಾದ ಪದ. 1796ರ ಮೇ 14ರಂದು ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹೆಣ್ಣುಮಗಳ ಕೈಮೇಲಿನ ಗೋಸಿಡುಬಿನ ರಸವನ್ನು ಎಂಟು ವರ್ಷದ ಬಾಲಕನ ತೋಳಿಗೆ ಹಚ್ಚಿ, ಸಿಡುಬಿನಿಂದ ರಕ್ಷಣೆ ದೊರೆಯುವುದನ್ನು ತೋರಿಸಿದನು. ಹಸುವಿಗೆ ಲ್ಯಾಟಿನ್ನಿನಲ್ಲಿ ‘ವಾಕ್ಕಾ’, ಅದರಿಂದ ‘ವ್ಯಾಕ್ಸೀನ್’. 1881ರಲ್ಲಿ ಲೂಯಿ ಪಾಶ್ಚರ್ ಜೆನ್ನರನ ಗೌರವಾರ್ಥವಾಗಿ ಎಲ್ಲ ಲಸಿಕೆಗಳಿಗೂ ಈ ಪದವನ್ನೇ ವಿಸ್ತರಿಸಬೇಕೆಂದು ಸೂಚಿಸಿದನು. ಕನ್ನಡಿಗರು ಸಿಡುಬಿನ ಲಸಿಕೆಗೆ ‘ದೇವಿ ಹಾಕಿಸುವುದು’ ಎಂದರು. ಇಂಗ್ಲಿಷಿನಲ್ಲಿ ಮದ್ದಿಗೆ ಹಸುವಿನ ಹೆಸರು, ನಮ್ಮಲ್ಲಿ ರೋಗದ ದೇವತೆಯದೇ ಹೆಸರು! 1980ರ ಮೇ 8ರಂದು ಸಿಡುಬು ಭೂಮಿಯಿಂದ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಸ್ವಾರಸ್ಯವೆಂದರೆ, ಈ ಹೆಸರಿಗೂ ಈಗ ತಿದ್ದುಪಡಿ ಬಂದಿದೆ. ಬಹುಕಾಲ ಲಸಿಕೆಯಾಗಿ ಬಳಕೆಯಲ್ಲಿದ್ದ ವೈರಸ್ಸು ಹಸುವಿನ ಸಿಡುಬಿಗಿಂತ ಕುದುರೆಯ ಸಿಡುಬಿಗೆ ಹತ್ತಿರದ್ದೆಂದು ಆನುವಂಶಿಕ ಸಂಶೋಧನೆಗಳು ತೋರಿಸಿವೆ. ಹಾಗೆಂದು ಜೆನ್ನರನ ಕೆಲಸಕ್ಕೆ ಕುಂದೇನೂ ಬರುವುದಿಲ್ಲ. ಅವನು ಹೆಸರನ್ನು ನೆಚ್ಚಿಕೊಂಡವನಲ್ಲ, ತೋಳನ್ನು ನೋಡಿದವನು.

ತರಗತಿಯಲ್ಲಿ ಒಂದು ವಿಷಯವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಯಾವುದಾದರೊಂದು ಸಂಗತಿಗೆ ಹೆಸರು ದೊರೆತ ಕೂಡಲೇ ಮಕ್ಕಳ ಪ್ರಶ್ನೆ ನಿಂತುಬಿಡುತ್ತದೆ. ಉತ್ತರವೇ ದೊರೆತಂತೆ ಅವರು ಪೆನ್ನು ಕೆಳಗಿಡುತ್ತಾರೆ. ದೊಡ್ಡವರಾದ ನಾವೂ ಆಸ್ಪತ್ರೆಯಿಂದ ರೋಗದ ಹೆಸರನ್ನು ಹೊತ್ತುಕೊಂಡು ಬಂದು ಸಮಾಧಾನಪಡುತ್ತೇವೆ. ಲಾಟಾ, ಸ್ನೋ, ರಾಸ್, ಶಂಭುನಾಥ್ ದೇ ಮೊದಲಾದವರಿಗೆ ಹೆಸರುಗಳು ಮೊದಲೇ ತಿಳಿದಿದ್ದವು. ಅವರು ಪ್ರಶ್ನೆಯನ್ನು ಅಲ್ಲಿಗೆ ನಿಲ್ಲಿಸಲಿಲ್ಲ.

ನಿಮ್ಮ ಮನೆಗಳಲ್ಲಿ ಹಿರಿಯರಿದ್ದರೆ ಅವರು ಹೇಳುವ ಹಳೆಯ ರೋಗಗಳ, ಮದ್ದಿನ ಗಿಡಗಳ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಹೆಸರಿನಲ್ಲಿ ಅವರು ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬೇರ್ಪಡಿಸಿ ನೋಡಿ. ಕಂಡದ್ದನ್ನು ಆದರದಿಂದ ಉಳಿಸಿಕೊಳ್ಳಿ. ಊಹೆಯನ್ನು ಪರೀಕ್ಷೆಗೆ ಒಡ್ಡಿ.